ಸಹಾಯ ಬೇಕು: ವೀಲ್‌ಚೇರ್‌ನಲ್ಲಿ ಅವ್ವನ ರೈಲು ಪ್ರಯಾಣ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅವ್ವನನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಕರೆದುಕೊಂಡು ಹೋಗಬೇಕು. ಅವಳಿಗೆ ನಡೆಯಲು ಆಗುವುದಿಲ್ಲ. ರೈಲ್ವೆಯ ರಿಯಾಯಿತಿ ಕಾರ್ಡ್ ಇದೆ, ಸ್ಲೀಪರ್‌ನಲ್ಲಿ ಅವಳಿಗೂ ಜೊತೆಗೆ ಹೋಗುವ ನನಗೂ 75% ಕಡಿಮೆ. ಚಿಂತೆ ದುಡ್ಡಿನದಲ್ಲ, ಹತ್ತಿಸುವುದರದ್ದು. ಮಾಮೂಲಿ ಬೋಗಿಯ ಬಾಗಿಲಲ್ಲಿ ವೀಲ್‌ಚೇರ್ ತೂರುವುದಿಲ್ಲ, ಜೊತೆಗೆ ಆ ಕಡಿದಾದ ಕಬ್ಬಿಣದ ಮೆಟ್ಟಿಲು ಬೇರೆ. ಹಿಂದೊಮ್ಮೆ ಹಮಾಲರು ಕೂಸಿನ ಹಾಗೆ ಎತ್ತಿ ಒಳಗೆ ಕೂರಿಸಿದ್ದರು. ಅವ್ವ ಸೆರಗು ಸರಿ ಮಾಡಿಕೊಳ್ಳುತ್ತಾ ಕಣ್ಣು ಮುಚ್ಚಿಕೊಂಡಿದ್ದಳು.

ಗಾರ್ಡ್ ಡಬ್ಬಿಗೆ ಸೇರಿದ ಅಂಗವಿಕಲರ ಬೋಗಿಯಲ್ಲಿ ಬಾಗಿಲು, ಟಾಯ್ಲೆಟ್ ಎರಡೂ ಅಗಲ. ಅದರಲ್ಲಿ ರಾತ್ರಿ ಪ್ರಯಾಣ ಮಾಡಿದವರು ಇದ್ದೀರಾ? ಮಲಗಲು ಜಾಗ ಸಿಗುತ್ತಾ, ಅಥವಾ ಬೇರೆಯವರೇ ತುಂಬಿಕೊಂಡಿರುತ್ತಾರಾ? ರ‍್ಯಾಂಪ್ ಬೇಕಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದರೆ ಸಾಕಾ, ಸ್ಟೇಷನ್ ಮಾಸ್ಟರ್‌ಗೆ ಮೊದಲೇ ಹೇಳಬೇಕಾ? ಸುಮ್ನೆ ಕಾರ್ ಮಾಡಿಕೊಂಡು ಹೋಗಿ ಅನ್ನಬೇಡಿ, ಅವಳಿಗೆ ಅಷ್ಟು ಹೊತ್ತು ಕೂರಲು ಆಗಲ್ಲ.