ಗೋವಿನಜೋಳಕ್ಕೆ ಜೀವಾಣು ಗೊಬ್ಬರ ಹಾಕಿದ್ದೆ, ಎಲ್ಲಿ ತಪ್ಪಾಯ್ತು?

ರಾಣೆಬೆನ್ನೂರು ರೈತ:
ನಮ್ಮದು ಮೂರು ಎಕರೆ ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ. ಹೋದ ಮುಂಗಾರಿಗೆ ಗೋವಿನಜೋಳದ ಬೀಜಕ್ಕೆ ಅಜೋಸ್ಪಿರಿಲಂ (ಗಾಳಿಯ ಸಾರಜನಕ ಹಿಡಿದು ಬೆಳೆಗೆ ಕೊಡುವ ಬ್ಯಾಕ್ಟೀರಿಯಾ ಗೊಬ್ಬರ) ಹಚ್ಚಿ ಬಿತ್ತಿದೆ. ಕಂಪನಿ ಬೀಜ, ಗುಲಾಬಿ ಬಣ್ಣ ಬಳಿದಿತ್ತು. ಪ್ಯಾಕೆಟ್ ಎರಡು ದಿನ ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲೇ ಇತ್ತು. ಹಚ್ಚಿದ ಸಾಲಿಗೂ ಹಚ್ಚದ ಸಾಲಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ತುಂಬಾ ಬೇಜಾರಾಯ್ತು. ಮಣ್ಣು ಉಳಿಸಬೇಕು ಅನ್ನೋ ಆಸೆ ನನಗಿದೆ. ಈ ಸಲ ಹೇಗೆ ಮಾಡಲಿ?

ದಾವಣಗೆರೆಯಿಂದ:
ಅಣ್ಣಾ, ಆ ಬಣ್ಣದ ಜೊತೆ ಶಿಲೀಂಧ್ರನಾಶಕ ಇರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬದುಕೋದು ಕಷ್ಟ. ಬಿಸಿಲಿಗೆ ಕಾದ ಪ್ಯಾಕೆಟ್‌ನಲ್ಲೂ ಜೀವ ಉಳಿಯಲ್ಲ, ಅಲ್ವಾ? ನಾನು ಮಣ್ಣಿಗೇ ಕೊಡುತ್ತೇನೆ. ಎಕರೆಗೆ ಅಜೋಸ್ಪಿರಿಲಂ 2 ಕೆಜಿ, ರಂಜಕ ಕರಗಿಸುವ ಬ್ಯಾಕ್ಟೀರಿಯಾ 2 ಕೆಜಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಕ್ವಿಂಟಲ್ ಜೊತೆ ಕಲಸಿ, ಹುಣಸೆ ಮರದ ನೆರಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ಒಂದು ವಾರ ಇಡುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಮಳೆ ಬಿದ್ದು ಮಣ್ಣು ಹಸಿ ಇದ್ದಾಗ ಸಾಲಿಗೆ ಹಾಕಿ ಕೂಡಲೇ ಮುಚ್ಚಿ. ಒಣ ಮಣ್ಣಿಗೆ ಹಾಕಿದರೆ ಸುಮ್ನೆ ದುಡ್ಡು ಹಾಳು.

ಹಿರೇಕೆರೂರು:
ಯೂರಿಯಾ ಪೂರ್ತಿ ಬಿಡಬೇಡಿ. ಗೋವಿನಜೋಳ ಸಾರಜನಕ ಜಾಸ್ತಿ ಬೇಡುವ ಬೆಳೆ. ಮೊದಲು ಕಾಲುಭಾಗ ಇಳಿಸಿ ನೋಡಿ. ರೈಜೋಬಿಯಂ ಅನ್ನೋ ಜೀವಾಣು ಗೊಬ್ಬರ ಇದಕ್ಕೆ ಬೇಡ, ಅದು ದ್ವಿದಳ ಬೆಳೆಗೆ. ನಡುವೆ ತೊಗರಿ ಸಾಲು ಹಾಕಿದರೆ ತೊಗರಿ ಬೀಜಕ್ಕೆ ಹಚ್ಚಿ.

ರಾಣೆಬೆನ್ನೂರು ರೈತ:
ತಿಪ್ಪೆಗೊಬ್ಬರ ಮನೆಯದೇ ಇದೆ. ಅರ್ಧ ಎಕರೆ ಹಾಕದೆ ಬಿಟ್ಟು ಹೋಲಿಸುತ್ತೇನೆ. ಜೀವಾಣು ಗೊಬ್ಬರನ ಡಿಎಪಿ ರಾಸಾಯನಿಕ ಗೊಬ್ಬರದ ಜೊತೆಗೇ ಕಲಸಬಹುದಾ?

ದಾವಣಗೆರೆಯಿಂದ:
ಬೇಡ ಅಣ್ಣಾ, ಬೇರೆ ಬೇರೆಯಾಗಿಯೇ ಹಾಕಿ.