ದತ್ತು ತಂದ ಆಫ್ರಿಕನ್ ಗ್ರೇ ಗಿಳಿ ಗರಿ ಕಿತ್ತುಕೊಳ್ಳುತ್ತಿದೆ

ಪ್ರಶ್ನೆ: ಹಿಂದಿನ ಮನೆಯವರು ಸಾಕಲಾರದೆ ಬಿಟ್ಟುಕೊಟ್ಟ ಆಫ್ರಿಕನ್ ಗ್ರೇ ಗಿಳಿಯೊಂದನ್ನು ಕಳೆದ ವಾರ ತಂದಿದ್ದೇವೆ. ಅದು ಸೂರ್ಯಕಾಂತಿ ಬೀಜವಲ್ಲದೆ ಬೇರೇನನ್ನೂ ಮುಟ್ಟದು. ಎದೆಯ ಗರಿಗಳನ್ನೂ ಕಿತ್ತುಕೊಳ್ಳುತ್ತಿದೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ: ಗರಿ ಕೀಳಲು ಬೇಸರ, ಭಯಗಳಷ್ಟೇ ಅಲ್ಲದೆ ಕಾಯಿಲೆಯೂ ಕಾರಣವಿರಬಹುದಾದ್ದರಿಂದ ಮೊದಲು ಪಕ್ಷಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಬರೀ ಬೀಜ ತಿಂದು ಬೆಳೆದ ಗ್ರೇ ಗಿಳಿಗಳಲ್ಲಿ ಕ್ಯಾಲ್ಸಿಯಂ ಕೊರತೆ ಸಾಮಾನ್ಯ. ಆದರೆ ಬೀಜವನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಉಪವಾಸ ಬೀಳಬಹುದು. ಹಾಗಾಗಿ ಪೆಲೆಟ್ (ಗಿಳಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ), ತುರಿದ ಕ್ಯಾರೆಟ್, ಸೊಪ್ಪುಗಳನ್ನು ಬೀಜದೊಂದಿಗೇ ಬೆರೆಸಿ, ತೂಕ ಇಳಿಯದಂತೆ ಗಮನಿಸುತ್ತಾ ನಿಧಾನವಾಗಿ ರೂಢಿ ಮಾಡಿಸಿ.

ಮತ್ತೊಂದು ಉತ್ತರ: ಬೆಣ್ಣೆಹಣ್ಣು ಗಿಳಿಗಳಿಗೆ ವಿಷ. ಪಂಜರವನ್ನು ಅಡುಗೆಮನೆಯ ಹತ್ತಿರ ಇಡಲೇಬೇಡಿ. ಅತಿಯಾಗಿ ಕಾದ ನಾನ್‌ಸ್ಟಿಕ್ ತವಾದ ಹೊಗೆ ಹಕ್ಕಿಯನ್ನು ಕೊಲ್ಲಬಲ್ಲದು.

ಇನ್ನೊಬ್ಬರು: 2024ರ ನಿಯಮಗಳಂತೆ ಈ ವಿದೇಶಿ ಗಿಳಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ಹಸಿರು ಗಿಳಿಯನ್ನಾದರೆ ಪಂಜರದಲ್ಲಿಟ್ಟು ಸಾಕುವುದೇ ಅಪರಾಧ.