ಒದ್ದೆ ಕೈಗೆ ಒಗ್ಗದ ಹೊಸ ಟಚ್‌ಸ್ಕ್ರೀನ್ ಫೋನು: ದೋಷ ಫೋನಿನದೋ, ಬಳಕೆಯದೋ?

ಹಿಪ್ಪುನೇರಳೆ (ಶಿಡ್ಲಘಟ್ಟ) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ಬಿಚ್ಚಾಣಿಕೆ ಘಟಕವಿದೆ, ಅಂದರೆ ಬೇಯಿಸಿದ ರೇಷ್ಮೆಗೂಡಿನಿಂದ ಎಳೆ ಬಿಚ್ಚಿ ತೆಗೆಯುವ ಜಾಗ. ಗೂಡು ಮಾರುಕಟ್ಟೆಯ ಹರಾಜಿನಲ್ಲಿ ಮೊಬೈಲಿನಿಂದ ದರ ನಮೂದಿಸುವ ಕೆಲಸವನ್ನು ಇಷ್ಟು ದಿನ ನಾನೇ ನೋಡಿಕೊಳ್ಳುತ್ತಿದ್ದೆ. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಆ ಹೊಣೆ ತಂದೆಯವರ ಮೇಲೆ ಬಿದ್ದಿತು. ಗುಂಡಿ ಒತ್ತುವ ಫೋನನ್ನೇ ಬಳಸಿ ಗೊತ್ತಿದ್ದ ಅವರಿಗೆ ಕಳೆದ ತಿಂಗಳು 16,000 ರೂಪಾಯಿ ಕೊಟ್ಟು ಹೊಸ ಫೋನು ತಂದೆ. 6.7 ಇಂಚಿನ ಅಮೋಲೆಡ್ ಪರದೆ, 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಹೊಸದಾಗುವುದು), 5,000 ಎಂಎಎಚ್ ಬ್ಯಾಟರಿ, ಪರದೆಯ ಅಡಿಯಲ್ಲೇ ಬೆರಳಚ್ಚು ಓದುವ ಸೌಲಭ್ಯ, ಧೂಳು, ನೀರು ತಡೆಯುವ ಐಪಿ54 ದರ್ಜೆ, ಇವಿಷ್ಟೂ ಅದರಲ್ಲಿವೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಈ ಬೆಲೆಗೆ ಸಿಗುವ ಹೆಚ್ಚಿನ ಫೋನುಗಳು ಹೀಗೆಯೇ ಇವೆ.

ಪರದೆ ನಿಜಕ್ಕೂ ಚೆನ್ನಾಗಿದೆ. ಅಕ್ಷರಗಳನ್ನು ದೊಡ್ಡದು ಮಾಡಿಟ್ಟ ಮೇಲೆ ತಂದೆಯವರು ಕನ್ನಡಕವಿಲ್ಲದೆಯೇ ಸಂದೇಶ ಓದುತ್ತಾರೆ. ತೊಂದರೆ ಇರುವುದು ಬೆರಳಿನಲ್ಲಿ. ಬೇಸಿನ್‌ನ ಬಿಸಿನೀರಿನಲ್ಲಿ ಎಳೆ ಹುಡುಕಿ ಎದ್ದವರ ಬೆರಳ ತುದಿಗಳು ಬೆಳ್ಳಗೆ ಮುರುಟಿಕೊಂಡಿರುತ್ತವೆ. ಪಂಚೆಯ ಅಂಚಿಗೆ ಎಷ್ಟು ಒರೆಸಿಕೊಂಡರೂ ಫೋನು ಬೆರಳಚ್ಚನ್ನು ಗುರುತಿಸುವುದಿಲ್ಲ. ಮೊನ್ನೆ ಭಾನುವಾರ ನಾನು ಪಕ್ಕದಲ್ಲಿದ್ದಾಗಲೇ ಅವರು 560 ಎಂದು ಒತ್ತಿದ್ದು ಪರದೆಯ ಮೇಲೆ 660 ಎಂದು ಮೂಡಿತು. ಖಚಿತಪಡಿಸುವ ಮುನ್ನ ನನ್ನ ಕಣ್ಣಿಗೆ ಬಿದ್ದದ್ದರಿಂದ ಸರಿಹೋಯಿತು. ಕಿಲೋಗೆ ನೂರು ರೂಪಾಯಿಯ ವ್ಯತ್ಯಾಸವೆಂದರೆ ಹರಾಜಿನಲ್ಲಿ ಒಟ್ಟಿಗೆ ಕೊಳ್ಳುವ ಒಂದು ಲಾಟಿಗೆ ಎಷ್ಟಾಗುತ್ತದೆಂದು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇದು ಈ ಒಂದು ಫೋನಿನ ದೋಷವೋ, ಟಚ್‌ಸ್ಕ್ರೀನ್ ಎಂಬುದರ ಸ್ವಭಾವವೇ ಹೀಗೋ? ಇದನ್ನು ಬದಲಾಯಿಸಬೇಕೋ, ಇದರಲ್ಲಿಯೇ ಏನಾದರೂ ಸರಿಪಡಿಸಿಕೊಳ್ಳಬಹುದೋ, ತಿಳಿದವರು ದಯವಿಟ್ಟು ತಿಳಿಸಿ.

ರಿಪೇರಿ ಅಂಗಡಿ (ಚಿಂತಾಮಣಿ):

ಸರ್, ಇದು ಬಹುಪಾಲು ಟಚ್‌ಸ್ಕ್ರೀನಿನ ಸ್ವಭಾವ. 2007ರಲ್ಲಿ ಐಫೋನ್ ಬರುವುದಕ್ಕೆ ಮುಂಚೆ ಕಡ್ಡಿಯಿಂದ ಒತ್ತುವ ಪರದೆಗಳು ಹೆಚ್ಚಾಗಿದ್ದವು. ಅವುಗಳಲ್ಲಿ ಎರಡು ಪದರಗಳಿದ್ದು, ಒತ್ತಿದ ಕಡೆ ಒಂದು ಇನ್ನೊಂದನ್ನು ತಾಗುತ್ತಿತ್ತು. ಕೈ ಒದ್ದೆಯಾಗಿದ್ದರೂ ಅವಕ್ಕೆ ಚಿಂತೆಯಿರಲಿಲ್ಲ. ಈಗಿನ ಪರದೆ ಒತ್ತಡವನ್ನು ನೋಡುವುದೇ ಇಲ್ಲ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ವಿದ್ಯುತ್ ಗೆರೆಗಳ ಬಲೆಯಿರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುದಂಶದಲ್ಲಿ ಆಗುವ ಏರುಪೇರನ್ನು ಅದು ಸೆಕೆಂಡಿಗೆ ನೂರಾರು ಸಲ ಅಳೆಯುತ್ತಿರುತ್ತದೆ. ನೀರು, ಅದರಲ್ಲೂ ಗೂಡು ಬೇಯಿಸಿದ ನೀರಿನಂತೆ ಏನೇನೋ ಕರಗಿರುವ ನೀರು, ವಿದ್ಯುತ್ತನ್ನು ಹರಿಯಬಿಡುವುದರಿಂದ ಒಂದು ಹನಿಯೂ ಪರದೆಯ ಲೆಕ್ಕದಲ್ಲಿ ಬೆರಳೇ ಆಗಿಬಿಡುತ್ತದೆ. 5ಕ್ಕೂ 6ಕ್ಕೂ ನಡುವೆ ಹನಿಯೊಂದು ಹರಡಿಕೊಂಡರೆ ನೀವು ಹೇಳಿದಂತೆಯೇ ಆಗುತ್ತದೆ.

ಬೆರಳಚ್ಚಿನ ಸಮಸ್ಯೆ ಬೇರೆ. ಈ ಬೆಲೆಯ ಫೋನುಗಳಲ್ಲಿ ಪರದೆಯ ಅಡಿಯಲ್ಲಿ ಇರುವುದು ಪುಟ್ಟ ಕ್ಯಾಮೆರಾದಂಥದ್ದು. ಪರದೆಯದೇ ಬೆಳಕನ್ನು ಬೆರಳಿನ ಮೇಲೆ ಚೆಲ್ಲಿ ಅದು ಚಿತ್ರ ತೆಗೆಯುತ್ತದೆ. ನೀರಿನಲ್ಲಿ ನೆನೆದು ಮುರುಟಿದ ಬೆರಳಿನ ಗೆರೆಗಳು ನೀವು ಮೊದಲ ದಿನ ದಾಖಲಿಸಿದ ಗೆರೆಗಳಿಗೆ ಹೊಂದುವುದಿಲ್ಲ. ಶಬ್ದತರಂಗದಿಂದ ಓದುವ ಬಗೆಯೊಂದಿದೆ, ಅದು ತೇವವನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಅದಿರುವುದು ದುಬಾರಿ ಫೋನುಗಳಲ್ಲಿ.

ಮಾಡಬಹುದಾದದ್ದು ಇಷ್ಟು. ಕೆಲಸ ಮುಗಿಸಿ ಎದ್ದ ಹೊತ್ತಿನಲ್ಲಿ, ಬೆರಳು ಮುರುಟಿರುವಾಗಲೇ, ಅದೇ ಹೆಬ್ಬೆರಳನ್ನು ಎರಡನೆಯ ಬೆರಳಚ್ಚಾಗಿ ಇನ್ನೊಮ್ಮೆ ದಾಖಲಿಸಿ. ಪರದೆಗೆ ಟೆಂಪರ್ಡ್ ಗ್ಲಾಸ್ ಹಾಕಿಸಿದ್ದು ಬೆರಳಚ್ಚು ದಾಖಲಿಸಿದ ಮೇಲಾಗಿದ್ದರೆ ಹಳೆಯದನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ದಾಖಲಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆಯಿದ್ದು ಅದನ್ನು ಯಾರಾದರೂ ಚಾಲೂ ಮಾಡಿದ್ದರೆ ಮೊದಲು ಅದನ್ನು ಆಫ್ ಮಾಡಿ. ಅದು ಕೈಗವಸಿಗೆ, ದಪ್ಪ ಗಾಜಿಗೆ ಇರುವ ಅನುಕೂಲ. ನೀರಿನ ಹನಿಯನ್ನೂ ಅದು ಇನ್ನಷ್ಟು ಬೇಗ ಬೆರಳೆಂದು ತಿಳಿಯುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಐಪಿ54 ಎಂದರೆ ನಾಲ್ಕು ಹನಿ ಸಿಡಿದರೆ ತಡೆದೀತು ಎಂದಷ್ಟೇ. ಆ ಪರೀಕ್ಷೆ ನಡೆಯುವುದು ಸಾದಾ ನೀರಿನಲ್ಲಿ. ಬಿಸಿನೀರಿನ ಆವಿಯ ಲೆಕ್ಕ ಅದರಲ್ಲಿಲ್ಲ. ಬೇಸಿನ್ ಪಕ್ಕದ ಗೋಡೆಗೂಡಿನಲ್ಲಿ ಫೋನಿಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿಸಿ. ನನ್ನ ಅಂಗಡಿಗೆ ಬರುವ ಇಂತಹ ಫೋನುಗಳಲ್ಲಿ ಸಿಮ್ ತಟ್ಟೆ ಎಳೆದರೆ ನೀರು ತಾಗಿದ್ದನ್ನು ತೋರಿಸುವ ಒಳಗಿನ ಬಿಳಿ ಚುಕ್ಕೆ ಕೆಂಪಗಾಗಿರುತ್ತದೆ. ಅದನ್ನು ಕಂಡ ಮೇಲೆ ಸರ್ವೀಸ್ ಸೆಂಟರಿನವರು ವಾರಂಟಿಯಲ್ಲಿ ಮುಟ್ಟುವುದಿಲ್ಲ.

ಅಂತರಗಂಗೆ (ಕೋಲಾರ):

ಇಂಥದ್ದೇ ಫೋನನ್ನು ನಾನು ಐದು ತಿಂಗಳಿನಿಂದ ಬಳಸುತ್ತಿದ್ದೇನೆ. ನಾನು ಟೊಮೇಟೊ ಬೆಳೆಗಾರ. ಬ್ಯಾಟರಿಯ ಬಗ್ಗೆ ದೂರಿಲ್ಲ. ಬೆಳಗಿನ ಜಾವ ಎಪಿಎಂಸಿಗೆ ಹೊರಟು ಹದಿನೈದು ಕಿಲೋ ಬಾಕ್ಸುಗಳ ಫೋಟೊ ಕಳಿಸಿ, ಮಂಡಿಯವರೊಂದಿಗೆ ಹತ್ತಾರು ಕರೆ ಮುಗಿಸಿ ರಾತ್ರಿ ಮನೆಗೆ ಬಂದರೂ ಕಾಲು ಭಾಗ ಉಳಿದಿರುತ್ತದೆ. ಬಿಸಿಲಿನಲ್ಲಿ ಪರದೆ ಕಾಣುತ್ತದೆ, ಆದರೆ ಮಧ್ಯಾಹ್ನ ತೋಟದಲ್ಲಿ ಹತ್ತು ನಿಮಿಷ ಹಿಡಿದರೆ ಫೋನು ಕಾದು ತಾನಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತದೆ.

ನೀರಿನದು ನಿಮಗೆ, ಅಂಟಿನದು ನಮಗೆ. ಟೊಮೇಟೊ ಗಿಡ ಕಟ್ಟಿದ ದಿನ ಬೆರಳಿಗೆ ಹಸಿರು ಬೆರೆತ ಕಪ್ಪು ಅಂಟು ಹತ್ತುತ್ತದೆ, ಸೋಪಿಗೂ ಬೇಗ ಹೋಗುವುದಿಲ್ಲ. ಹೆಬ್ಬೆರಳಿನ ಗೆರೆಗಳೇ ಮುಚ್ಚಿಹೋಗಿರುವಾಗ ಆ ಪುಟ್ಟ ಕ್ಯಾಮೆರಾ ತಾನೇ ಏನು ಮಾಡೀತು? ನಾನು ಬೆರಳಚ್ಚಿನ ಗೋಜನ್ನೇ ಬಿಟ್ಟು ಆರಂಕಿಯ ಗುಪ್ತಸಂಖ್ಯೆ ಇಟ್ಟುಕೊಂಡಿದ್ದೇನೆ. ಕಿರುಬೆರಳನ್ನು ದಾಖಲಿಸಿ ನೋಡಿ ಎಂದೂ ಹೇಳುತ್ತೇನೆ, ಏಕೆಂದರೆ ಕೆಲಸದಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಸವೆಯುತ್ತದೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಮರಳಿಸುವ ಅವಧಿ ಉಳಿದಿದ್ದರೆ ಬದಲಾಯಿಸುವುದೇ ಮೇಲು. ಪಕ್ಕದ ಪವರ್ ಗುಂಡಿಯಲ್ಲಿಯೇ ಬೆರಳಚ್ಚು ಓದುವ ಫೋನುಗಳು ಇನ್ನೂ ಕಡಿಮೆ ಬೆಲೆಗೆ ಸಿಗುತ್ತವೆ. ಕಣ್ಣಿನಿಂದ ನೋಡದೆಯೇ ಬೆರಳಿಗೆ ಗುಂಡಿಯ ಜಾಗ ತಿಳಿಯುತ್ತದೆ. ಗುಂಡಿ ಫೋನಿಗೆ ಒಗ್ಗಿದ ಹಿರಿಯರಿಗೆ ಅದೇ ದೊಡ್ಡ ಆಸರೆ. 120 ಹರ್ಟ್ಸ್ ಪರದೆಯಿಂದ ಅವರಿಗೆ ಆಗಬೇಕಾದದ್ದೇನೂ ಇಲ್ಲ.

ಹಿಪ್ಪುನೇರಳೆ (ಶಿಡ್ಲಘಟ್ಟ):

ಎಲ್ಲರಿಗೂ ಧನ್ಯವಾದಗಳು. ಮರಳಿಸುವ ಅವಧಿ ಮುಗಿದಿದೆ, ಆದ್ದರಿಂದ ಈ ವಾರ ಊರಿಗೆ ಹೋದಾಗ ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಸೂಕ್ಷ್ಮತೆಯ ಆಯ್ಕೆ ನಿಜಕ್ಕೂ ಚಾಲೂ ಆಗಿತ್ತು; ಗಾಜು ಹಾಕಿದ ಅಂಗಡಿಯವರೇ ಮಾಡಿರಬೇಕು. ಅದನ್ನು ಆಫ್ ಮಾಡಿದ ಮೇಲೆ ತಪ್ಪು ಅಂಕಿ ಬೀಳುವುದು ಬಹಳ ಕಡಿಮೆಯಾಯಿತು. ಬೇಸಿನ್‌ನಿಂದ ಎದ್ದ ಕೂಡಲೇ ಹೆಬ್ಬೆರಳನ್ನು ದಾಖಲಿಸಿದೆವು. ಹತ್ತು ಸಲ ಇಟ್ಟರೆ ಆರು ಸಲ ತೆರೆಯುತ್ತದೆ. ಕಿರುಬೆರಳಿಗೆ ಎಂಟು ಸಲ ತೆರೆಯಿತು. ಕನ್ನಡದಲ್ಲಿ ಮಾತಾಡಿ ಬರೆಸುವುದನ್ನೂ ಹೇಳಿಕೊಟ್ಟೆ. ಮನೆಯಲ್ಲಿ ಚೆನ್ನಾಗಿ ಬರುತ್ತದೆ, ಯಂತ್ರ ತಿರುಗುವಾಗ ಆ ಸದ್ದಿನಲ್ಲಿ ಒಂದು ಪದವೂ ಸರಿಯಾಗಿ ಬೀಳುವುದಿಲ್ಲ. ಫೋನಿನ ಜಾಗ ಬದಲಾಗಿದೆ: ಬಾಗಿಲಿನ ಹೊರಗೆ ಒಂದು ಮೊಳೆ, ಅದಕ್ಕೆ ಬಟ್ಟೆಯ ಚೀಲ, ಪಕ್ಕದಲ್ಲಿ ಕೈ ಒರೆಸಲು ಒಣ ಟವೆಲು. ಸಿಮ್ ತಟ್ಟೆಯನ್ನೂ ಎಳೆದು ನೋಡಿದೆ, ಚುಕ್ಕೆ ಇನ್ನೂ ಬೆಳ್ಳಗಿದೆ.